ಆಕ್ಯುಪೇಷನಲ್ ಥೆರಪಿ: ಮೊದಲ ಕೆಲಸ ಒಪ್ಪಿಕೊಳ್ಳುವ ಮುನ್ನ

ಬಿಒಟಿ, ಅಂದರೆ ಆಕ್ಯುಪೇಷನಲ್ ಥೆರಪಿ (ಕಾಯಿಲೆ ಅಥವಾ ಅಂಗವೈಕಲ್ಯ ಇರುವವರು ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ನೆರವಾಗುವ ಚಿಕಿತ್ಸೆ) ಪದವಿ ಮುಗಿಸಿ ಮೊದಲ ಕೆಲಸ ಹುಡುಕುತ್ತಿರುವವರು ಸಂಬಳದ ಜೊತೆಗೆ ವೇಳಾಪಟ್ಟಿಯನ್ನೂ ಕೇಳಿ ತಿಳಿದುಕೊಳ್ಳಬೇಕು. ಮಕ್ಕಳ ಥೆರಪಿ ಕೇಂದ್ರಗಳಲ್ಲಿ ಶಾಲೆ ಬಿಟ್ಟ ಮೇಲೆ ಬರುವ ಮಕ್ಕಳೇ ಹೆಚ್ಚಾದ್ದರಿಂದ ಸಂಜೆ ಮತ್ತು ಶನಿವಾರಗಳು ನಿಮ್ಮ ಕೈಯಲ್ಲಿ ಉಳಿಯುವುದು ಕಷ್ಟ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಹಗಲು ಪಾಳಿಯೇ ಇರುತ್ತದೆ.

ನನ್ನ ಅಭಿಪ್ರಾಯದಲ್ಲಿ ಮೊದಲ ಒಂದೆರಡು ವರ್ಷ ಆಸ್ಪತ್ರೆಯೇ ಮೇಲು. ಪಾರ್ಶ್ವವಾಯುವಿನಿಂದ ಬಲಗೈ ಸ್ವಾಧೀನ ಕಳೆದುಕೊಂಡವರು ಮತ್ತೆ ಅನ್ನ ಕಲಸಿ ತುತ್ತು ಮಾಡುವಂತಾಗಲು, ಒಂದೇ ಕೈಯಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳಲು ಕಲಿಸುವಾಗ, ಬಿಸಿನೀರಿನಲ್ಲಿ ಮೆದುವಾದ ಪ್ಲಾಸ್ಟಿಕ್ ಹಾಳೆಯನ್ನು ಅದು ಗಟ್ಟಿಯಾಗುವ ಮೊದಲೇ ಅಂಗೈಗೆ ಒತ್ತಿ ಸ್ಪ್ಲಿಂಟ್ (ಕೈಯನ್ನು ಸರಿಯಾದ ಭಂಗಿಯಲ್ಲಿ ಹಿಡಿದಿಡುವ ಆಧಾರಪಟ್ಟಿ) ಮಾಡುವಾಗ ಬರುವ ಕೈಚಳಕ ಮುಂದೆ ಎಲ್ಲಿಗೆ ಹೋದರೂ ಜೊತೆಗಿರುತ್ತದೆ.

ಸಂದರ್ಶನದಲ್ಲಿ ದಿನಕ್ಕೆ ಎಷ್ಟು ಸೆಷನ್, ನಡುವೆ ಬಿಡುವೆಷ್ಟು, ಟಿಪ್ಪಣಿ ಬರೆಯುವ ಸಮಯ ಕೆಲಸದ ಅವಧಿಗೇ ಸೇರಿದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ನಾನು ಕೇಳಲಿಲ್ಲ, ಹೀಗಾಗಿ ಮೊದಲ ಆರು ತಿಂಗಳು ರಾತ್ರಿ ಊಟವಾದ ಮೇಲೆ ಮನೆಯಲ್ಲಿ ಕುಳಿತು ವರದಿ ಬರೆದೆ. ಈಗ ಪ್ರತಿ ಸೆಷನ್‌ನ ಕೊನೆಯ ಐದು ನಿಮಿಷ ಪೋಷಕರ ಎದುರಿನಲ್ಲೇ ಟಿಪ್ಪಣಿ ಮುಗಿಸುತ್ತೇನೆ, ಮನೆಯಲ್ಲಿ ಮಾಡಿಸಬೇಕಾದ ಅಭ್ಯಾಸವನ್ನೂ ಆಗಲೇ ಹೇಳಿಬಿಡುತ್ತೇನೆ.

ಮನೆ ಭೇಟಿಯ ಕೆಲಸ ಒಪ್ಪಿಕೊಳ್ಳುವುದಾದರೆ ಒಂದು ದಿನಕ್ಕೆ ಒಂದೇ ದಿಕ್ಕಿನ ಬಡಾವಣೆಗಳನ್ನು ಇಟ್ಟುಕೊಳ್ಳಿ. ಬೆಂಗಳೂರಿನಲ್ಲಿ ಬೆಳಿಗ್ಗೆ ದಕ್ಷಿಣದ ಜಯನಗರ, ಮಧ್ಯಾಹ್ನ ಉತ್ತರದ ಹೆಬ್ಬಾಳ ಎಂದುಕೊಂಡರೆ ಮೂರನೆಯ ಮನೆಗೆ ತಲುಪುವಷ್ಟರಲ್ಲಿ ಕತ್ತಲಾಗಿರುತ್ತದೆ.