ದೊಡ್ಡ ರೆಸ್ಟೋರೆಂಟಿನ ಊಟ: ನಾನು ರುಚಿ ನೋಡುವ ಕ್ರಮ

ಬೆಂಗಳೂರಿನಲ್ಲಿ ಇಬ್ಬರು ಒಂದು ಒಳ್ಳೆಯ ರೆಸ್ಟೋರೆಂಟಿಗೆ ಹೋಗಿ ಬಂದರೆ ಐದಾರು ಸಾವಿರ ಸುಲಭವಾಗಿ ಕೈಬಿಡುತ್ತದೆ. ಸ್ಟಾರ್ ಹೋಟೆಲ್ ಆದರೆ ಇನ್ನೂ ಜಾಸ್ತಿ. ಅಷ್ಟು ಕೊಟ್ಟ ಮೇಲೆ "ಹೇಗಿತ್ತು?" ಅಂತ ಯಾರಾದರೂ ಕೇಳಿದರೆ "ಪರವಾಗಿಲ್ಲ, ಚೆನ್ನಾಗಿತ್ತು" ಅಂದು ಸುಮ್ಮನಾಗಲು ನನಗೆ ಆಗುವುದಿಲ್ಲ. ಏನು ಚೆನ್ನಾಗಿತ್ತು, ಯಾವುದು ಸರಿ ಇರಲಿಲ್ಲ, ಅದನ್ನು ಹೇಳಲು ಬರಬೇಕು. ಮದುವೆಯ ವಾರ್ಷಿಕೋತ್ಸವಕ್ಕೆ ಎಲ್ಲಿಗೆ ಹೋಗೋಣ, ಅಮೆರಿಕದಿಂದ ಅಣ್ಣ ಬಂದಿದ್ದಾನೆ ಎಲ್ಲಿಗೆ ಕರೆದುಕೊಂಡು ಹೋಗಲಿ ಅಂತ ಗೆಳತಿಯರು ನನಗೇ ಫೋನ್ ಮಾಡುತ್ತಾರೆ. ಹಾಗಾಗಿ ನಾನು ಹೋಗಿ, ತಿಂದು, ಬರೆದಿಟ್ಟುಕೊಳ್ಳುವ ಕ್ರಮವನ್ನು ಇಲ್ಲಿ ಹೇಳುತ್ತೇನೆ.

ಮನೆಯಲ್ಲಿ ಸಾರು ಬಾಯಿಗಿಟ್ಟ ತಕ್ಷಣ ಉಪ್ಪು ಸಾಲದು, ಹುಳಿ ಮುಂದಾಯಿತು, ಒಗ್ಗರಣೆ ಸೀದಿದೆ ಅಂತ ಹೇಳುವ ನಾಲಿಗೆ ನಮ್ಮೆಲ್ಲರಿಗೂ ಇದೆ. ಬಿಳಿ ಮೇಜುಬಟ್ಟೆ, ಮಂದ ಬೆಳಕು, ಭಾರದ ಚಮಚ ಕಂಡ ಕೂಡಲೇ ಆ ನಾಲಿಗೆಯನ್ನು ನಂಬುವುದು ಬಿಟ್ಟುಬಿಡುತ್ತೇವೆ. ಇವರು ದೊಡ್ಡವರು, ಇದು ಹೀಗೇ ಇರಬೇಕೇನೋ ಅಂದುಕೊಳ್ಳುತ್ತೇವೆ. ನಾನು ಬಿಡಬಾರದು ಅಂತ ಇಟ್ಟುಕೊಂಡಿರುವುದು ಅದೊಂದನ್ನೇ. ಇಟಲಿಯ ಅಡುಗೆ ಇರಲಿ, ಜಪಾನಿನದು ಇರಲಿ, ಬೇಳೆ ಬೆಂದಿದೆಯಾ ಅಂತ ನೋಡುವ ನಾಲಿಗೆಯಿಂದಲೇ ಅದನ್ನೂ ನೋಡಬಹುದು.

ಹೋಗುವ ಮೊದಲೇ ಅರ್ಧ ಕೆಲಸ ಆಗಿರುತ್ತದೆ. ಮೆನು ಸಿಕ್ಕರೆ ಮೊದಲು ಓದುತ್ತೇನೆ. ತುಂಬ ಉದ್ದದ ಮೆನು ಕಂಡರೆ ನನಗೆ ಅನುಮಾನ. ಥಾಯ್, ಇಟಾಲಿಯನ್, ಮೊಘಲಾಯಿ, ಸುಶಿ ಎಲ್ಲವನ್ನೂ ಒಂದೇ ಅಡುಗೆಮನೆಯಿಂದ ಕೊಡುತ್ತಾರೆ ಅಂದರೆ ಬಹಳಷ್ಟು ಫ್ರೀಜರಿನಿಂದ ಬರುತ್ತಿದೆ ಅಂತಲೇ ಲೆಕ್ಕ. ಶನಿವಾರ ರಾತ್ರಿ ಹೋಗುವುದಿಲ್ಲ. ಆ ಗಲಾಟೆಯಲ್ಲಿ ಎಂಥ ಅಡುಗೆಮನೆಯೂ ತಡಬಡಾಯಿಸುತ್ತದೆ. ಹಾಗಂತ ಸೋಮವಾರವೂ ಬೇಡ, ಎಷ್ಟೋ ಕಡೆ ಮುಖ್ಯ ಶೆಫ್ ಅವತ್ತು ರಜೆ ಹಾಕುತ್ತಾರೆ. ಬುಧವಾರ, ಗುರುವಾರ ಒಳ್ಳೆಯದು. ಟೇಬಲ್ ಬುಕ್ ಮಾಡುವಾಗ ಇಂಥವರ ಕಡೆಯವರು, ಬರೆಯುವವರು ಅಂತ ಏನೂ ಹೇಳುವುದಿಲ್ಲ. ರೆಸ್ಟೋರೆಂಟುಗಳಿಗೆ ನಕ್ಷತ್ರ ಕೊಡುವ ಫ್ರಾನ್ಸಿನ ಮಿಶೆಲಿನ್ ಗೈಡಿನ ಇನ್‌ಸ್ಪೆಕ್ಟರುಗಳು ಗುರುತು ಹೇಳದೆ ಹೋಗಿ, ಬಿಲ್ ಪೂರ್ತಿ ಕಟ್ಟಿ ಬರುತ್ತಾರೆ. ಆ ಪದ್ಧತಿಯನ್ನು ನಾವೂ ಇಟ್ಟುಕೊಳ್ಳಬಹುದಲ್ವಾ. ಬಿಟ್ಟಿ ಊಟ ತಿಂದು ನಿಜ ಹೇಳುವುದು ಬಹಳ ಕಷ್ಟ.

ನಾನು ಕುಂದಾಪುರದ ಕಡೆಯವಳು, ಮೀನು ತಿಂದು ಬೆಳೆದವಳು. ನಮ್ಮ ಮನೆಯವರು ಮೈಸೂರಿನವರು, ಪೂರ್ತಿ ಸಸ್ಯಾಹಾರಿ. ಹೀಗಾಗಿ ಒಂದೇ ಮೇಜಿನಲ್ಲಿ ಎರಡು ಪರೀಕ್ಷೆ ನಡೆಯುತ್ತದೆ. ಆರ್ಡರ್ ಮಾಡುವಾಗ ಮೂರು ಬಗೆ ನೋಡುತ್ತೇನೆ. ಆ ಜಾಗಕ್ಕೆ ಹೆಸರು ತಂದ ಅಡುಗೆ ಒಂದು. ಮುಚ್ಚಿಡಲು ಏನೂ ಜಾಗವಿಲ್ಲದ ಸಾದಾ ಅಡುಗೆ ಒಂದು. ನನ್ನ ನಾಲಿಗೆಗೆ ಚಿಕ್ಕಂದಿನಿಂದ ಗೊತ್ತಿರುವ ಅಡುಗೆ ಒಂದು.

ಈ ಮೂರನೆಯದಕ್ಕೆ ನೀರ್ ದೋಸೆ, ಕೋರಿ ಗಸಿ (ತೆಂಗಿನಕಾಯಿ ಹಾಕಿದ ಕೋಳಿ ಸಾರು) ನನಗೆ ಒಳ್ಳೆಯ ಅಳತೆ. ನೀರ್ ದೋಸೆಯಲ್ಲಿ ಅಕ್ಕಿ, ನೀರು, ಉಪ್ಪು ಬಿಟ್ಟರೆ ಹೆಚ್ಚೇನೂ ಇಲ್ಲ. ಹಿಟ್ಟು ಹುಳಿ ಬರಬಾರದು. ಅಕ್ಕಿಯನ್ನು ನುಣ್ಣಗೆ ರುಬ್ಬದಿದ್ದರೆ ಬಾಯಿಗೆ ತರಿ ಸಿಗುತ್ತದೆ. ದೋಸೆ ಬೆಳ್ಳಗಿರಬೇಕು, ಅಂಚು ಕೆಂಪಾಗಬಾರದು, ಮೈತುಂಬ ಕಣ್ಣು ಬಿಟ್ಟಿರಬೇಕು. ಮಡಚಿದ್ದನ್ನು ಬಿಡಿಸಿದರೆ ಬಿಡಿಸಿಕೊಳ್ಳಬೇಕು. ಒಂದಕ್ಕೊಂದು ಅಂಟಿಕೊಂಡಿದ್ದರೆ ಮೊದಲೇ ಮಾಡಿ ಪೇರಿಸಿಟ್ಟಿದ್ದಾರೆ ಅಂತ ಅರ್ಥ. ದೋಸೆಗೆ ಕೇಳಿದಷ್ಟು ಹಣ ಕೊಡುವಾಗ ಕಾವಲಿಯಿಂದ ನೇರ ತಟ್ಟೆಗೆ ಬರಬೇಕು ಅನ್ನುವುದು ಜಾಸ್ತಿಯ ಬೇಡಿಕೆ ಅಲ್ಲವೇ ಅಲ್ಲ.

ಗಸಿಯನ್ನು ಮೊದಲು ಮೂಸಿ ನೋಡುತ್ತೇನೆ. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಚೂರು ಮೆಂತ್ಯ, ಇವನ್ನು ಬೇರೆ ಬೇರೆಯಾಗಿ ಹುರಿದಿದ್ದರೆ ಘಮ ಬೇರೆಯೇ. ಎಲ್ಲ ಒಟ್ಟಿಗೆ ಬಾಣಲೆಗೆ ಸುರಿದರೆ ಮೆಂತ್ಯ ಕಪ್ಪಾಗಿ ಕಹಿ ಬಿಡುತ್ತದೆ, ಕೊತ್ತಂಬರಿ ಇನ್ನೂ ಹಸಿಯಾಗಿಯೇ ಇರುತ್ತದೆ. ಬ್ಯಾಡಗಿಯಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ. ಹಾಗಾಗಿ ಗಸಿ ಕೆಂಪಗಿದ್ದರೂ ಬಾಯಿ ಉರಿಯಬಾರದು. ಆಮೇಲೆ ಚಮಚದಲ್ಲಿ ಬರೀ ರಸ ತೆಗೆದು ನಾಲಿಗೆಯ ಮೇಲೆ ಇಟ್ಟುಕೊಳ್ಳುತ್ತೇನೆ. ಮೊದಲು ತೆಂಗಿನಕಾಯಿಯ ಸಿಹಿ, ನಂತರ ಹುಣಸೆಯ ಹುಳಿ, ಕೊನೆಗೆ ಗಂಟಲಿನ ಹತ್ತಿರ ಖಾರ. ಈ ಕ್ರಮ ಸಿಕ್ಕರೆ ಒಳಗೆ ಅಡುಗೆ ಬಲ್ಲವರು ಇದ್ದಾರೆ. ಕೆಲವು ಕಡೆ ನಗರದ ಗಿರಾಕಿಗೆ ಹಿತವಾಗಲಿ ಅಂತ ಹಾಲಿನ ಕೆನೆ ಸೇರಿಸುತ್ತಾರೆ. ಒಂದು ದೊಡ್ಡ ಹೆಸರಿನ ಕಡೆ ನನಗೆ ಹಾಗೇ ಬಂತು. ನೋಡಲು ನುಣುಪು, ತಿನ್ನಲು ಮಂಕು. ಕೆನೆ ಹುಳಿಯನ್ನೂ ನುಂಗಿತ್ತು, ಕಾಯಿಯ ರುಚಿಯನ್ನೂ ನುಂಗಿತ್ತು.

ಇದೇ ಅಡುಗೆಯನ್ನು ಗೌರವದಿಂದ ಮಾಡುವ ಜಾಗಗಳೂ ನಮ್ಮಲ್ಲಿವೆ. ರೆಸಿಡೆನ್ಸಿ ರಸ್ತೆಯ ಸ್ಟಾರ್ ಹೋಟೆಲೊಂದರ ಕರಾವಳಿ ರೆಸ್ಟೋರೆಂಟ್ ಶುರುವಾದದ್ದು 1990ರಲ್ಲಿ. ಸ್ಟಾರ್ ಹೋಟೆಲ್ ಅಂದರೆ ಉತ್ತರ ಭಾರತದ್ದು ಅಥವಾ ವಿದೇಶದ ಅಡುಗೆ ಅಂತ ಎಲ್ಲರೂ ಅಂದುಕೊಂಡಿದ್ದ ಕಾಲ ಅದು. ಅಂಥ ಹೊತ್ತಿನಲ್ಲಿ ಮಂಗಳೂರು, ಕೊಡಗು, ಗೋವಾ, ಕೇರಳದ ಮನೆ ಅಡುಗೆಯನ್ನು ಅವರು ಮೇಜಿಗೆ ತಂದರು. ಅಲ್ಲಿನ ಅಡುಗೆಯನ್ನು ಬೆಳೆಸಿದ ಶೆಫ್ ನರೇನ್ ತಿಮ್ಮಯ್ಯ ಕೊಡಗಿನವರು. ಕಾಚಂಪುಳಿಯ ಕಪ್ಪು ಹುಳಿ ಹಾಕಿದ ಮಾಂಸದ ಪಲ್ಯವನ್ನು ಕಾಳುಮೆಣಸಿನ ಖಾರದ ಜೊತೆ ಚಪ್ಪರಿಸುವ ರೂಢಿ ಬೆಂಗಳೂರಿನ ಎಷ್ಟೋ ಮಂದಿಗೆ ಇಂಥ ಜಾಗಗಳಿಂದಲೇ ಬಂತು. ನಮ್ಮ ಊಟಕ್ಕೂ ಆ ಮರ್ಯಾದೆ ಸಲ್ಲುತ್ತದೆ ಅಂತ ತೋರಿಸಿಕೊಟ್ಟವರ ಬಗ್ಗೆ ನನಗೆ ನಿಜಕ್ಕೂ ಹೆಮ್ಮೆ ಇದೆ.

ಮೀನಿನ ವಿಷಯಕ್ಕೆ ಬಂದರೆ ಕ್ಯಾಲೆಂಡರ್ ನೋಡಿ ಹೋಗುತ್ತೇನೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮೀನು ಮರಿ ಮಾಡುವ ಕಾಲ. ಆಗ ನಾಡದೋಣಿಯವರು ಹಿಡಿದಷ್ಟೇ ಹೊಸ ಮೀನು. ಜುಲೈ ತಿಂಗಳಲ್ಲಿ "ಇವತ್ತು ಬೆಳಿಗ್ಗೆ ಮಂಗಳೂರಿನಿಂದ ಬಂದ ಅಂಜಲ್" ಅಂತ ಹೇಳಿದರೆ ಇನ್ನೆರಡು ಪ್ರಶ್ನೆ ಕೇಳಬೇಕು. ಕೇಳುವಾಗ ನಾನು ಕನ್ನಡದಲ್ಲೇ ಕೇಳುತ್ತೇನೆ. ಒಮ್ಮೆ ಬಡಿಸುವ ಹುಡುಗ ನಮ್ಮ ಊರಿನ ಕಡೆಯವನೇ ಆಗಿದ್ದ. ಅಲ್ಲಿಯವರೆಗೆ ಇಂಗ್ಲಿಷಿನಲ್ಲಿ ಪಾಠ ಒಪ್ಪಿಸುತ್ತಿದ್ದವನು ತಕ್ಷಣ ಬಗ್ಗಿ, "ಮೇಡಂ, ಇವತ್ತು ಕಾಣೆ ಬೇಡ, ನಿನ್ನೆಯದು. ಸಿಗಡಿ ತಗೊಳ್ಳಿ, ಚೆನ್ನಾಗುಂಟು" ಅಂದ. ಸಿಗಡಿ ನಿಜವಾಗಿಯೂ ಚೆನ್ನಾಗಿತ್ತು. ಅಂಥ ಹುಡುಗರು ಇರುವ ಜಾಗಕ್ಕೆ ನನ್ನ ಪುಸ್ತಕದಲ್ಲಿ ಒಂದು ಅಂಕ ಜಾಸ್ತಿ. ಮೀನು ಹಳೆಯದಾಗಿದ್ದರೆ ಮಸಾಲೆ ಎಷ್ಟು ಮೆತ್ತಿದರೂ ಮುಚ್ಚುವುದಿಲ್ಲ. ತಾಜಾ ಮೀನಿನ ಮಾಂಸ ಪದರ ಪದರವಾಗಿ ಮುಳ್ಳಿನಿಂದ ಬಿಟ್ಟುಕೊಳ್ಳುತ್ತದೆ. ಫ್ರೀಜರಿನಲ್ಲಿ ಬಹಳ ದಿನ ಕೂತದ್ದು ನೀರು ಬಿಟ್ಟು ಹತ್ತಿಯ ಹಾಗೆ ಬಾಯಿಗೆ ಸಿಗುತ್ತದೆ.

ಗೊತ್ತಿಲ್ಲದ ದೇಶದ ಅಡುಗೆಯನ್ನು ನೋಡುವುದು ಹೇಗೆ ಅಂತ ಬಹಳ ಜನ ಕೇಳುತ್ತಾರೆ. ಅಲ್ಲಿಯೂ ಅನ್ನದಿಂದ ಶುರು ಮಾಡಿ ಅನ್ನುತ್ತೇನೆ. ಇಟಲಿಯ ರಿಸೊಟ್ಟೊ ಅಂದರೆ ಅಕ್ಕಿಯೇ ತಾನೇ. ತಟ್ಟೆಯನ್ನು ಚೂರು ಓರೆ ಮಾಡಿದರೆ ಅದು ನಿಧಾನವಾಗಿ ಹರಿಯಬೇಕು. ಕಾಳು ಕಚ್ಚಿದರೆ ನಡುವೆ ಸ್ವಲ್ಪ ಬಿಗಿ ಇರಬೇಕು. ದಿಬ್ಬದ ಹಾಗೆ ನಿಂತಿದ್ದರೆ ಅರ್ಧ ಬೇಯಿಸಿಟ್ಟು ಆರ್ಡರ್ ಬಂದಾಗ ಬಿಸಿ ಮಾಡಿಕೊಟ್ಟಿರಬಹುದು. ಸುಶಿಯ ಅನ್ನ ಫ್ರಿಜ್ಜಿನ ತಣ್ಣಗೆ ಇರಬಾರದು, ಮೈ ಬಿಸಿಯ ಆಸುಪಾಸು ಇರಬೇಕು. ಪಕ್ಕದಲ್ಲಿ ಇಡುವ ಖಾರದ ಹಸಿರು ಮುದ್ದೆ, ವಾಸಾಬಿ, ಹೆಚ್ಚಿನ ಕಡೆ ನಿಜವಾದ ವಾಸಾಬಿ ಗೆಡ್ಡೆಯದಲ್ಲ. ಹಾರ್ಸ್‌ರಾಡಿಶ್ ಅನ್ನುವ ಘಾಟಿನ ಬೇರು, ಸಾಸಿವೆ, ಹಸಿರು ಬಣ್ಣ ಸೇರಿಸಿದ ಮಿಶ್ರಣ. ಟ್ರಫಲ್ (ನೆಲದೊಳಗೆ ಬೆಳೆಯುವ ದುಬಾರಿ ಅಣಬೆ) ಎಣ್ಣೆಯೂ ಹಾಗೇ. ಬಹುಪಾಲು ಟ್ರಫಲ್ ಎಣ್ಣೆಗೆ ಆ ವಾಸನೆ ಬರುವುದು ಲ್ಯಾಬಿನಲ್ಲಿ ತಯಾರಿಸಿದ ರಾಸಾಯನಿಕದಿಂದ. ಮೆನುವಿನಲ್ಲಿ ಟ್ರಫಲ್ ಅಂತ ಬರೆದು ಬೆಲೆ ಏರಿಸಿದ್ದರೆ "ಟ್ರಫಲ್ಲೋ, ಎಣ್ಣೆಯೋ?" ಅಂತ ಕೇಳುವ ಹಕ್ಕು ನಮಗಿದೆ. ಸಂಕೋಚ ಪಡಬೇಕಾಗಿಲ್ಲ.

ಉತ್ತರ ಭಾರತದ ಅಡುಗೆಯಾದರೆ ಕಪ್ಪು ದಾಲ್ (ದಾಲ್ ಮಖನಿ) ಒಂದು ಸಾಕು. ಇಡೀ ಉದ್ದಿನಕಾಳು ರಾತ್ರಿಯಿಡೀ ಸಣ್ಣ ಉರಿಯಲ್ಲಿ ಬೆಂದರೆ ತಾನೇ ಮಂದವಾಗುತ್ತದೆ. ಕಾಳು ಗಟ್ಟಿಯಾಗಿಯೇ ಉಳಿದು ಸುತ್ತ ಬರೀ ಬೆಣ್ಣೆ, ಕೆನೆ ಇದ್ದರೆ ಸಮಯ ಉಳಿಸಿದ್ದಾರೆ ಅಂತ ಗೊತ್ತಾಗಿಬಿಡುತ್ತದೆ.

ಸಸ್ಯಾಹಾರಿಗಳನ್ನು ನಡೆಸಿಕೊಳ್ಳುವ ರೀತಿಯ ಬಗ್ಗೆ ನನಗೆ ಒಂದು ಸಿಟ್ಟೇ ಇದೆ. ಎಷ್ಟೋ ದುಬಾರಿ ಜಾಗದಲ್ಲಿ ಇವರಿಗೆ ಬರುವುದು ಮೀನು ತೆಗೆದು ಪನೀರ್ ಇಟ್ಟ ತಟ್ಟೆ. ಬೆಲೆಯಲ್ಲಿ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ಸಾಲಾಗಿ ಹತ್ತು ಹನ್ನೆರಡು ಸಣ್ಣ ತಟ್ಟೆ ಕೊಡುವ ಟೇಸ್ಟಿಂಗ್ ಮೆನು ಇರುವ ಕಡೆ ಇದು ಚೆನ್ನಾಗಿ ತಿಳಿಯುತ್ತದೆ. ನಾನು ಬುಕ್ ಮಾಡುವಾಗಲೇ ಕೇಳುತ್ತೇನೆ: ಸಸ್ಯಾಹಾರದ ಮೆನು ಬೇರೆಯಾಗಿ ಯೋಚಿಸಿ ಮಾಡಿದ್ದೋ, ಇದರಲ್ಲೇ ಒಂದೆರಡು ಬದಲಾಯಿಸಿದ್ದೋ? ಉತ್ತರ ತಡವರಿಸಿದರೆ ಅಲ್ಲಿಗೆ ಇಬ್ಬರೂ ಹೋಗುವುದಿಲ್ಲ. ಬೆಂಗಳೂರಿನ ಹೊರವಲಯದ ಫಾರ್ಮ್‌ಲೋರ್ ಅನ್ನುವ ರೆಸ್ಟೋರೆಂಟ್ ತೋಟದ ನಡುವೆಯೇ ಇದೆ. ಶೆಫ್ ಜಾನ್ಸನ್ ಎಬಿನೇಜರ್ ಅಲ್ಲಿ ಸೌದೆ ಒಲೆಯನ್ನೇ ನೆಚ್ಚಿಕೊಂಡು ಅಡುಗೆ ಮಾಡಿಸುತ್ತಾರೆ. ತೋಟದಲ್ಲಿ ಆ ಹೊತ್ತಿಗೆ ಏನು ಬಂದಿದೆಯೋ ಅದನ್ನು ನೋಡಿ ಮೆನು ಹೊಂದಿಸುತ್ತಾರೆ. ತರಕಾರಿಯೇ ತಟ್ಟೆಯ ನಡುವೆ ಕೂರುವ ಅಡುಗೆಗೆ ಇಂಥ ಯೋಚನೆ ಬೇಕು. ನುಗ್ಗೆಕಾಯಿ, ಬಾಳೆಹೂವು, ಅವರೆಕಾಳು ನಮ್ಮ ನೆಲದಲ್ಲೇ ಇರುವಾಗ ವರ್ಷವಿಡೀ ಬ್ರೊಕೊಲಿ ಯಾಕೆ ತಿನ್ನಬೇಕು ಹೇಳಿ.

ಸೇವೆಯ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಇಬ್ಬರ ತಟ್ಟೆಯೂ ಒಟ್ಟಿಗೆ ಬರಬೇಕು. ಬಿಸಿ ಅಡುಗೆಗೆ ತಟ್ಟೆಯೂ ಬೆಚ್ಚಗಿರಬೇಕು. ಕೂತ ಕೂಡಲೇ ಬಾಟಲಿ ನೀರು ತಂದು ತೆರೆದರೆ ನಾನು ಅಲ್ಲೇ ತಡೆದು ಸಾದಾ ನೀರು ಕೇಳುತ್ತೇನೆ. ಕೇಳಿದ್ದಕ್ಕೆ ಮುಖ ಬದಲಾದರೆ ಅದೂ ಪುಸ್ತಕಕ್ಕೆ ಹೋಗುತ್ತದೆ. ಒಂದೊಂದು ತಟ್ಟೆಗೂ ಉದ್ದದ ಕಥೆ ಹೇಳುತ್ತಾ ನಿಂತರೆ ಅಡುಗೆ ಆರುತ್ತದೆ, ಎರಡು ಮಾತು ಸಾಕು.

ಕೊನೆಗೆ ದಕ್ಷಿಣದ ಅಡುಗೆಯ ಜಾಗವಾದರೆ ಫಿಲ್ಟರ್ ಕಾಫಿ ಬಿಡುವುದಿಲ್ಲ. ಅಷ್ಟು ಹೊತ್ತು ಚೆನ್ನಾಗಿ ಉಣಬಡಿಸಿ ಕಾಫಿಯಲ್ಲಿ ಬೀಳುವ ಅಡುಗೆಮನೆಗಳು ಬಹಳ. ಬೆಳಗಿನ ಡಿಕಾಕ್ಷನ್ ಮತ್ತೆ ಕುದಿಸಿದರೆ ಸುಟ್ಟ ಕಹಿ ಬರುತ್ತದೆ. ಹೊಸ ಡಿಕಾಕ್ಷನ್ನಿನ ಕಹಿ ನಾಲಿಗೆಯಲ್ಲಿ ನಿಲ್ಲುವುದಿಲ್ಲ, ಘಮ ನಿಲ್ಲುತ್ತದೆ.

ಬಿಲ್ಲನ್ನು ಸಾಲು ಸಾಲಾಗಿ ಓದುತ್ತೇನೆ. ಬೇರೆಯಾಗಿ ನಿಂತ ರೆಸ್ಟೋರೆಂಟಿನಲ್ಲಿ ಊಟದ ಮೇಲೆ ಜಿಎಸ್‌ಟಿ 5%. ಕೋಣೆಯ ಬಾಡಿಗೆ ದಿನಕ್ಕೆ 7500 ರೂಪಾಯಿ ದಾಟುವ ಹೋಟೆಲುಗಳ ಒಳಗಿನ ರೆಸ್ಟೋರೆಂಟಾದರೆ 18%. ಮೆನುವಿನ ಬೆಲೆ ಒಂದೇ ಇದ್ದರೂ ಎದ್ದು ಬರುವಾಗ ವ್ಯತ್ಯಾಸ ದೊಡ್ಡದು, ಎಲ್ಲಿಗೆ ಹೋಗುವುದು ಅಂತ ಯೋಚಿಸುವಾಗಲೇ ಇದನ್ನು ಲೆಕ್ಕಕ್ಕೆ ತಗೊಳ್ಳಿ. ಮದ್ಯಕ್ಕೆ ಜಿಎಸ್‌ಟಿ ಇಲ್ಲ, ಅದರ ತೆರಿಗೆ ಬೇರೆ. ಸರ್ವಿಸ್ ಚಾರ್ಜ್ ತೆರಿಗೆಯಲ್ಲ. ಅದನ್ನು ತಾವಾಗಿಯೇ ಬಿಲ್ಲಿಗೆ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಬಿಲ್ಲಿನಲ್ಲಿ ಕಂಡರೆ ತೆಗೆಯಲು ಹೇಳುತ್ತೇನೆ. ಒಪ್ಪದಿದ್ದರೆ 1915 ಗ್ರಾಹಕ ಸಹಾಯವಾಣಿ ಇದೆ. ಟಿಪ್ಸನ್ನು ಬಡಿಸಿದವರ ಕೈಗೇ ಕೊಡುತ್ತೇನೆ. ಚೆನ್ನಾಗಿ ನೋಡಿಕೊಂಡವರಿಗೆ ಧಾರಾಳವಾಗಿಯೇ ಕೊಡಬೇಕು.

ಅವತ್ತೇ ರಾತ್ರಿ ಬರೆದಿಡುತ್ತೇನೆ. ಬೆಳಗಾದರೆ ಹೊಟ್ಟೆ ತುಂಬಿದ ನೆನಪು ಉಳಿಯುತ್ತದೆ, ಉಪ್ಪು ಹುಳಿಯ ನೆನಪು ಹೋಗಿರುತ್ತದೆ. ಫೋಟೋ ಒಂದೇ ತೆಗೆಯುತ್ತೇನೆ, ತಟ್ಟೆ ಬಂದ ತಕ್ಷಣ. ಆಮೇಲೆ ಫೋನ್ ಚೀಲದೊಳಗೆ. ತೀರ್ಪನ್ನು ಮಾತ್ರ ಮೊದಲ ಸಲಕ್ಕೇ ಬರೆಯುವುದಿಲ್ಲ. ಕೆಲವು ತಿಂಗಳು ಬಿಟ್ಟು ಮತ್ತೆ ಹೋಗಿ ಅದೇ ಅಡುಗೆಯನ್ನು ತರಿಸುತ್ತೇನೆ. ಮಿಶೆಲಿನ್‌ನವರ ಐದು ಅಳತೆಗಳಲ್ಲಿ ನನಗೆ ತುಂಬ ಹಿಡಿಸುವುದು ಕೊನೆಯದು, ಹೋದಾಗಲೆಲ್ಲ ಅದೇ ಹದ ಸಿಗಬೇಕು ಅನ್ನುವುದು. ಅವತ್ತು ಕೆನೆ ಹಾಕಿದ ಗಸಿ ಕೊಟ್ಟವರ ಮ್ಯಾನೇಜರ್ ಹತ್ತಿರ ಮೇಜಿನಲ್ಲಿ ಕೂತೇ ವಿಷಯ ಹೇಳಿದ್ದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು ಶೆಫ್‌ಗೆ ಹೇಳುತ್ತೇನೆ ಅಂದರು. ಮುಂದಿನ ಸಲ ಹೋದಾಗಲೂ ಕೆನೆ ಇತ್ತು. ಅಲ್ಲಿಗೆ ಯಾರಿಗೂ ಹೋಗಿ ಅಂತ ನಾನು ಹೇಳಿಲ್ಲ.