ಅಂಚು ಮೇಲೆದ್ದ ಸಮುದ್ರತಳ

ಸಮುದ್ರದ ತಳದ ನಕ್ಷೆ ಮಾಡುವ ಹಡಗಿನಲ್ಲಿ ನನಗೆ ರಾತ್ರಿ 12ರಿಂದ ಬೆಳಗ್ಗೆ 4ರವರೆಗೆ ವಾಚ್, ಅಂದರೆ ಕೆಲಸದ ಪಾಳಿ, ಇರುತ್ತಿತ್ತು. ಮಲ್ಟಿಬೀಮ್ ಸೋನಾರ್ ಅಂದರೆ ಶಬ್ದದ ಹಲವು ಬೀಮ್‌ಗಳನ್ನು (ಕಿರಣಗಳನ್ನು) ಬೀಸಣಿಗೆಯ ಹಾಗೆ ತಳಕ್ಕೆ ಕಳಿಸಿ ಆಳ ತಿಳಿಸುವ ಸಾಧನ; ಅದರ ಪರದೆಯನ್ನು ನೋಡುತ್ತಾ ಕೂರುವ ಕೆಲಸ. ಒಂದು ರಾತ್ರಿ ತಳ ಊಟದ ತಟ್ಟೆಯ ಹಾಗೆ ಕಾಣಲು ಶುರುವಾಯಿತು. ನಡುವೆ ಸಪಾಟು, ಎರಡೂ ಅಂಚು ಮೇಲಕ್ಕೆ. ನಾವಿದ್ದದ್ದು ಸುಮಾರು 4000 ಮೀಟರ್ ಆಳದ, ಹೂಳು ತುಂಬಿದ ಬಯಲಿನ ಮೇಲೆ. ಹಡಗು ಎತ್ತ ತಿರುಗಿದರೂ ಎಡಬಲಕ್ಕೆ ಒಂದೊಂದು ದಿಬ್ಬ ಜೊತೆಗೇ ಬರಲು ಸಾಧ್ಯವಿಲ್ಲ, ಅಲ್ವಾ?

ಸೋನಾರ್ ಆಳವನ್ನು ಅಳೆಯುವುದಿಲ್ಲ, ಸಮಯವನ್ನು ಅಳೆಯುತ್ತದೆ. ಶಬ್ದ ಕೆಳಗೆ ಹೋಗಿ ಬರಲು 4000 ಮೀಟರ್ ಆಳದಲ್ಲಿ ಐದು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಬೇಕು, ಏಕೆಂದರೆ ನೀರಿನಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. ಆ 'ಸುಮಾರು' ಅನ್ನುವುದರಲ್ಲೇ ನಮ್ಮ ಕಷ್ಟವೆಲ್ಲ ಇದೆ. ಬೆಚ್ಚಗಿನ ನೀರಿನಲ್ಲಿ ವೇಗ ಜಾಸ್ತಿ, ತಣ್ಣಗಿನದರಲ್ಲಿ ಕಡಿಮೆ. ಉಪ್ಪು ಹೆಚ್ಚಿದರೂ ಒತ್ತಡ ಹೆಚ್ಚಿದರೂ ಮತ್ತೆ ಜಾಸ್ತಿ. ಒಂದು ಪದರದಿಂದ ಇನ್ನೊಂದಕ್ಕೆ ಇಳಿಯುವಾಗ ಓರೆಯಾಗಿ ಹೋಗುವ ಶಬ್ದ ಬಾಗುತ್ತದೆ. ನೇರ ಕೆಳಗೆ ಹೋಗುವ ಬೀಮ್‌ಗೆ ಇದರಿಂದ ಹೆಚ್ಚು ತೊಂದರೆ ಇಲ್ಲ. ಆದರೆ ಪಕ್ಕಕ್ಕೆ 60 ಡಿಗ್ರಿ ಓರೆಯಾಗಿ ಹೋಗುವ ಬೀಮ್ ಎಲ್ಲಿ ತಳ ಮುಟ್ಟಿತು ಅನ್ನುವ ಲೆಕ್ಕವೇ ತಪ್ಪಿಹೋಗುತ್ತದೆ.

ಮೊದಲು ನನ್ನ ಅನುಮಾನ ಹೋದದ್ದು ಹಡಗಿನ ಓಲಾಟ ಅಳೆಯುವ ಸೆನ್ಸರ್ ಮೇಲೆ. ಆದರೆ ಅದು ತಪ್ಪಿದ್ದರೆ ಒಂದು ಪಕ್ಕ ಮೇಲೇಳಬೇಕು, ಇನ್ನೊಂದು ಕೆಳಗಿಳಿಯಬೇಕು. ಇಲ್ಲಿ ಎರಡೂ ಸಮವಾಗಿ ಎದ್ದಿದ್ದವು. ಹಾಗಾಗಿ ಶಬ್ದವೇಗದ ಪ್ರೊಫೈಲ್, ಅಂದರೆ ಯಾವ ಆಳದಲ್ಲಿ ಶಬ್ದದ ವೇಗ ಎಷ್ಟು ಅನ್ನುವ ಪಟ್ಟಿ, ತೆರೆದು ನೋಡಿದೆ. ಅದು ಹಿಂದಿನ ದಿನದ್ದು, ಬೆಚ್ಚಗಿನ ನೀರಿನಲ್ಲಿ ತೆಗೆದದ್ದು. ಈ ನಡುವೆ ನಾವು ತಣ್ಣಗಿನ ನೀರಿಗೆ ಬಂದುಬಿಟ್ಟಿದ್ದೆವು. ಸಾಫ್ಟ್‌ವೇರ್ ಇನ್ನೂ ಹಳೇ ವೇಗವನ್ನೇ ನಂಬಿಕೊಂಡು ಲೆಕ್ಕ ಹಾಕುತ್ತಿತ್ತು. ನೀರು ಬದಲಾದದ್ದನ್ನು ನಾನು ಗಮನಿಸಿರಲಿಲ್ಲ, ಹಡಗಿನ ತಳದಲ್ಲಿ ಶಬ್ದವೇಗ ಅಳೆಯುವ ಸೆನ್ಸರ್ ಅದನ್ನು ಆಗಲೇ ತೋರಿಸುತ್ತಿದ್ದರೂ.

ಹೊಸ ಪ್ರೊಫೈಲ್ ಬೇಕಿತ್ತು. ಸಿಟಿಡಿ ಅನ್ನುವ ಉಪಕರಣವನ್ನು ವಿಂಚ್‌ನ ತಂತಿಗೆ ಕಟ್ಟಿ ತಳದವರೆಗೆ ಇಳಿಸಿದರೆ ಉಪ್ಪು, ತಾಪ, ಒತ್ತಡ ಎಲ್ಲವೂ ಪಕ್ಕಾ ಸಿಗುತ್ತದೆ. ಆದರೆ ವಿಂಚ್ ಸೆಕೆಂಡಿಗೆ ಒಂದು ಮೀಟರ್ ಬಿಟ್ಟರೂ ಇಳಿದು ಹತ್ತಲು ಎರಡು ಗಂಟೆಗೂ ಜಾಸ್ತಿ ಬೇಕು, ಅಷ್ಟು ಹೊತ್ತು ಹಡಗು ನಿಂತಿರಬೇಕು. ಅದಕ್ಕೇ ಎಕ್ಸ್‌ಬಿಟಿ ಎಸೆದೆವು. ಸಣ್ಣ ಬಾಂಬಿನ ಆಕಾರದ ಅಳತೆಯ ಸಾಧನ, ಕೂದಲೆಳೆಯಂಥ ತಾಮ್ರದ ತಂತಿ ಬಿಚ್ಚಿಕೊಳ್ಳುತ್ತಾ ಇಳಿಯುತ್ತದೆ, ಹಡಗು ನಿಲ್ಲಿಸಬೇಕಿಲ್ಲ. ಅದು ತಾಪವನ್ನು ಮಾತ್ರ ಹೇಳುತ್ತದೆ, ನಮ್ಮದು 760 ಮೀಟರ್‌ವರೆಗೆ ಅಷ್ಟೇ. ಅದರ ಕೆಳಗೆ ಹಳೇ ಸಿಟಿಡಿಯ ಅಳತೆಯನ್ನು ಜೋಡಿಸಿದೆ; ಆಳದ ನೀರು ಅಷ್ಟು ಬೇಗ ಬದಲಾಗುವುದಿಲ್ಲ.

ಆ ರಾತ್ರಿ ನೆನಪಾದದ್ದು ಬ್ರಿಟನ್ನಿನ ಸಮುದ್ರ ಸಂಶೋಧನಾ ಹಡಗು ಚಾಲೆಂಜರ್‌ನವರು. 1872ರಿಂದ 1876ರವರೆಗೆ ಅವರು ಸೆಣಬಿನ ಹಗ್ಗಕ್ಕೆ ಭಾರ ಕಟ್ಟಿ ತಳ ಹುಡುಕಿದರು. ಪ್ರತಿ 100 ಫ್ಯಾದಮ್ (ಸುಮಾರು 183 ಮೀಟರ್) ಹಗ್ಗ ಇಳಿಯಲು ಎಷ್ಟು ಹೊತ್ತಾಯಿತು ಅಂತ ಬರೆದಿಡುತ್ತಿದ್ದರು, ಹಠಾತ್ತನೆ ನಿಧಾನವಾದರೆ ತಳ ಮುಟ್ಟಿತು ಅಂತ ಅರ್ಥ. ಪ್ರವಾಹಕ್ಕೆ ಸಿಕ್ಕಿ ಹಗ್ಗ ಬಾಗಿದರೆ ಅಳತೆ ಕೆಡುತ್ತಿತ್ತು. ಹೀಗೆಯೇ 1875ರಲ್ಲಿ ಮರಿಯಾನಾ ಕಂದಕದ ಬಳಿ 4475 ಫ್ಯಾದಮ್, ಅಂದರೆ 8 ಕಿಲೋಮೀಟರಿಗೂ ಜಾಸ್ತಿ ಅಳೆದರು. ಅವರ ಹಗ್ಗ ಬಾಗುತ್ತಿತ್ತು, ನಮ್ಮ ಶಬ್ದ ಬಾಗುತ್ತದೆ. ಸಮುದ್ರತಳದ ನಕ್ಷೆ ಬರೆದ ಅಮೆರಿಕದ ಭೂವಿಜ್ಞಾನಿ ಮೇರಿ ಥಾರ್ಪ್ ಅವರ ಬಗ್ಗೆಯೂ ನನಗೆ ತುಂಬಾ ಗೌರವ. ಹೆಣ್ಣು ಅಂತ ಹಡಗು ಹತ್ತಲು ಬಿಡದಿದ್ದಾಗ ದಡದಲ್ಲೇ ಕೂತು, ಬೇರೆಯವರು ತಂದ ಅಳತೆಗಳಿಂದ 1950ರ ದಶಕದಲ್ಲಿ ಅಟ್ಲಾಂಟಿಕ್ ನಡುವಿನ ಬೆಟ್ಟಸಾಲಿನಲ್ಲಿರುವ ಬಿರುಕುಕಣಿವೆಯನ್ನು ಗುರುತಿಸಿದರು.

ಹೊಸ ಪ್ರೊಫೈಲ್ ಹಾಕಿದ ಮೇಲೆ ಅಂಚುಗಳು ಮಲಗಿದವು. ಅಷ್ಟು ಗಂಟೆಗಳ ಡೇಟಾ ವ್ಯರ್ಥವೂ ಆಗಲಿಲ್ಲ. ಪ್ರತಿ ಬೀಮ್‌ನ ಸಮಯ, ಕೋನ ಎರಡೂ ಕಚ್ಚಾ ಫೈಲಿನಲ್ಲಿ ಇದ್ದೇ ಇರುತ್ತವೆ, ಮತ್ತೆ ಲೆಕ್ಕ ಹಾಕಿದರೆ ಸಾಕು. ಬೆಳಗ್ಗೆ ಹಳೇ ಸಾಲುಗಳಿಗೆ ಅಡ್ಡಲಾಗಿ ಒಂದು ಸಾಲು ಓಡಿಸಿ ಎರಡನ್ನೂ ಹೋಲಿಸಿದೆವು, ಹೊಂದಿಕೊಂಡವು.

ಈಗ ವಾಚ್‌ಗೆ ಕೂತ ಕೂಡಲೇ ಮೊದಲು ಪ್ರೊಫೈಲಿನ ಮೇಲ್ತುದಿಯ ವೇಗ, ಹಡಗಿನ ಸೆನ್ಸರ್ ತೋರಿಸುವ ವೇಗ, ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಸೆಕೆಂಡಿಗೆ ಎರಡು ಮೀಟರ್ ವ್ಯತ್ಯಾಸ ಕಂಡರೂ ಡೆಕ್‌ಗೆ ಫೋನ್ ಮಾಡಿ ಎಕ್ಸ್‌ಬಿಟಿ ತೆಗೆಯಲು ಹೇಳುತ್ತೇನೆ.