ಇನ್ನೊಬ್ಬರ ಚಿತ್ರ, ನಿಮ್ಮ ಸೂಜಿ: ಬಟ್ಟೆ ಕಲೆಯಲ್ಲಿ ಎರವಲು ಪಡೆಯುವ ಬಗೆ

1911ರಲ್ಲಿ ಪ್ಯಾರಿಸ್ಸಿನಲ್ಲಿದ್ದ ಕಲಾವಿದೆ ಸೋನಿಯಾ ಡೆಲೋನೆ ತಮ್ಮ ಎಳೆಗೂಸಿಗೆಂದು ತುಂಡು ಬಟ್ಟೆಗಳ ಹೊದಿಕೆಯೊಂದನ್ನು ಹೊಲಿದರು. ಅವರು ಹುಟ್ಟಿದ್ದು ಉಕ್ರೇನಿನಲ್ಲಿ. ರೈತರ ಮನೆಗಳಲ್ಲಿ ಕಂಡಿದ್ದ ಹೊದಿಕೆಗಳೇ ಅವರಿಗೆ ಮಾದರಿ. ಹೊಲಿದು ಮುಗಿಸಿದಾಗ ಅದು ಕ್ಯೂಬಿಸಂ ಚಿತ್ರದಂತೆ, ಅಂದರೆ ಕಂಡದ್ದನ್ನು ಕೋನ, ಚೌಕಗಳಾಗಿ ಒಡೆದು ಬರೆಯುವ ಆಗಿನ ಹೊಸ ಶೈಲಿಯ ಚಿತ್ರದಂತೆ ಕಂಡಿತು. ಮುಂದೆ ಸೋನಿಯಾ, ಅವರ ಪತಿ ರಾಬರ್ಟ್ ಇಬ್ಬರೂ ಕ್ಯಾನ್ವಾಸಿನ ಮೇಲೆ ಅದೇ ಜಾಡು ಹಿಡಿದರು. ಹಳ್ಳಿಯ ಹೆಂಗಸರಿಂದ ಕಡ ತಂದದ್ದು ಹೀಗೆ ಆಧುನಿಕ ಚಿತ್ರಕಲೆಗೂ ದಾರಿಯಾಯಿತು. ಹೊದಿಕೆ ಈಗ ಪ್ಯಾರಿಸ್ಸಿನ ಪೊಂಪಿಡೂ ಕೇಂದ್ರದ ಸಂಗ್ರಹದಲ್ಲಿದೆ.

ಕಲೆಯಲ್ಲಿ ಎರವಲು ಎಲ್ಲರೂ ತರುತ್ತಾರೆ. ಏನನ್ನು ತರಬೇಕು, ಏನನ್ನು ಅಲ್ಲೇ ಬಿಟ್ಟು ಬರಬೇಕು ಎಂಬುದನ್ನು ಕಲಿಯಬೇಕು. ಹನ್ನೆರಡು ಇಂಚು ಚೌಕದ ಒಂದು ಗೋಡೆ ಬಟ್ಟೆಯನ್ನು ಉದಾಹರಣೆಯಾಗಿಟ್ಟುಕೊಂಡು ನೋಡೋಣ.

ಹೆಜ್ಜೆ 1: ಒಂದೇ ಚಿತ್ರ, ನಿಧಾನವಾಗಿ

ಮೊಬೈಲಿನಲ್ಲಿ ಐವತ್ತು ಚಿತ್ರ ಉಳಿಸಿಕೊಂಡರೆ ಒಂದನ್ನೂ ನೋಡಿದಂತಾಗುವುದಿಲ್ಲ. ಒಂದನ್ನು ಆರಿಸಿ. ನಾವು ಡಚ್ ಚಿತ್ರಕಾರ ಪಿಯೆಟ್ ಮೊಂಡ್ರಿಯಾನ್ ಅವರ ಚಿತ್ರವೊಂದನ್ನು ತೆಗೆದುಕೊಳ್ಳೋಣ: ಕಪ್ಪು ಗೆರೆ, ಕೆಂಪು, ಹಳದಿ, ನೀಲಿ. ಚೀಟಿಯ ಮೇಲೆ ನಿಮಗೆ ಹಿಡಿಸಿದ್ದನ್ನು ಬರೆಯಿರಿ. ‘ಚೆನ್ನಾಗಿದೆ’ ಎಂದು ಬರೆದರೆ ಲೆಕ್ಕಕ್ಕಿಲ್ಲ. ಯಾವ ಬಣ್ಣ ಎಷ್ಟು ಜಾಗ ಹಿಡಿದಿದೆ? ಕಣ್ಣು ಎಲ್ಲಿ ನಿಲ್ಲುತ್ತದೆ? ಹೀಗೆ ನೋಡಿದಾಗಲೇ ತಿಳಿಯುವುದು, ಅವರ ಎಷ್ಟೋ ಚಿತ್ರಗಳಲ್ಲಿ ಹೆಚ್ಚಿನ ಜಾಗ ಬಿಳಿಯದೇ. ಬಣ್ಣಗಳು ಅಂಚಿಗೆ ಸರಿದು ಕೂತಿವೆ. ಮೊಂಡ್ರಿಯಾನ್ ಮಾದರಿ ಎಂದು ಮಾರುವ ದಿಂಬಿನ ಕವರುಗಳು ಮುಗ್ಗರಿಸುವುದೇ ಇಲ್ಲಿ. ಮೂಲೆಮೂಲೆಗೂ ಬಣ್ಣ ತುಂಬಿ ಕಣ್ಣಿಗೆ ಬಿಡುವೇ ಕೊಡುವುದಿಲ್ಲ.

ಹೆಜ್ಜೆ 2: ಒಂದು ಗುಣ ಮಾತ್ರ

ಚೀಟಿಯಲ್ಲಿ ಬರೆದುದರಲ್ಲಿ ಒಂದನ್ನು ಉಳಿಸಿ, ಮಿಕ್ಕಿದ್ದನ್ನು ಹೊಡೆದುಹಾಕಿ. ನಮ್ಮ ಬಟ್ಟೆಗೆ ‘ಬಹಳ ಬಿಳಿ, ಅಂಚಿನಲ್ಲಿ ಚೂರು ಕೆಂಪು’ ಎಂಬ ಬಣ್ಣದ ಲೆಕ್ಕ ಸಾಕು. ಕಪ್ಪು ಗೆರೆಗಳನ್ನು ಬಿಟ್ಟುಬಿಡೋಣ.

1965ರಲ್ಲಿ ಫ್ಯಾಷನ್ ವಿನ್ಯಾಸಕ ಈವ್ ಸಾಂ ಲೊರಾಂ ಗೆರೆಗಳನ್ನೂ ಬಿಡಲಿಲ್ಲವಲ್ಲ ಎಂದು ನೀವು ಕೇಳಬಹುದು. ನಿಜ, ಅವರ ಉಡುಪು ನೋಟಕ್ಕೆ ಮೊಂಡ್ರಿಯಾನ್ ಚಿತ್ರವೇ. ಆದರೆ ಅದು ಅಚ್ಚು ಹಾಕಿದ ಬಟ್ಟೆಯಲ್ಲ. ಜರ್ಸಿ ಬಟ್ಟೆಯ ತುಂಡುಗಳನ್ನು ಜೋಡಿಸಿ, ಮೈಯ ಏರಿಳಿತಕ್ಕೆ ಬೇಕಾದ ಹೊಂದಾಣಿಕೆಯನ್ನೆಲ್ಲ ಜೋಡಣೆಯ ಹೊಲಿಗೆಗಳಲ್ಲೇ ಅಡಗಿಸಿದ್ದರು. ಬಾಗಿದ ಮೈಮೇಲೆ ನೇರ ಗೆರೆ ನೇರವಾಗಿಯೇ ಕಾಣಬೇಕು ಎಂಬ ತೊಡಕು ಚಿತ್ರಕಾರನಿಗೆ ಇರಲಿಲ್ಲ, ದರ್ಜಿಗೆ ಇತ್ತು. ಅಷ್ಟು ಕೈಚಳಕ ಇದ್ದವರು ಗೆರೆಯನ್ನೂ ತರಲಿ.

ಹೆಜ್ಜೆ 3: ಚಿತ್ರ ಮುಚ್ಚಿಡಿ

ಇನ್ನು ಅದನ್ನು ನೋಡಬೇಡಿ. ಟೇಲರ್ ಅಂಗಡಿಯಿಂದ ಚಿಂದಿ ತಂದು, ನೆನಪಿನಲ್ಲಿ ಉಳಿದ ಅಳತೆಯಲ್ಲೇ ಕತ್ತರಿಸಿ. ಬಿಳಿ ಒಂದೇ ತರದ್ದು ಬೇಡ. ಹಳೆಯ ಪಂಚೆ, ಕೋರಾ, ತೊಳೆದು ಹಳದಿಗಟ್ಟಿದ ದಿಂಬಿನ ಬಟ್ಟೆ ಎಲ್ಲವೂ ಇರಲಿ.

ಹೆಜ್ಜೆ 4: ಹೊಲಿಯುವ ಕ್ರಮ ಬೇರೆ ಕಡೆಯಿಂದ

ಬಣ್ಣ ಒಬ್ಬರದು, ಕಟ್ಟುವ ರೀತಿ ಇನ್ನೊಬ್ಬರದು ಎಂದಾಗ ಫಲಿತ ಇಬ್ಬರಂತೆಯೂ ಇರುವುದಿಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಹಿಳೆಯರು ಕೌದಿಯನ್ನು ಮೂಲೆಯಿಂದ ಶುರುಮಾಡುತ್ತಾರೆ. ಅಡಿಗೆ ಹಳೆಯ ಸೀರೆ. ಅದರ ಮೇಲೆ ಒಂದೊಂದೇ ತುಂಡಿಟ್ಟು, ಅಂಚನ್ನು ಒಳಗೆ ಮಡಚಿ, ರನ್ನಿಂಗ್ ಸ್ಟಿಚ್ ಓಡಿಸುತ್ತ ಸುತ್ತು ಬರುತ್ತಾರೆ. ಸುತ್ತು ಕಿರಿದಾಗುತ್ತ ನಡುವಿಗೆ ಬಂದು ಮುಗಿಯುತ್ತದೆ.

ಈ ಕ್ರಮವನ್ನೇ ಹಿಡಿಯಿರಿ. ಅಡಿಬಟ್ಟೆ ಹದಿನಾಲ್ಕು ಇಂಚು ಇರಲಿ, ಹೊಲಿಯುತ್ತ ಒಂದಿಷ್ಟು ಕುಗ್ಗುತ್ತದೆ. ಕೆಂಪು ಅಂಚಿನಲ್ಲಿ ಕೂರಬೇಕಾದ್ದರಿಂದ ಅದನ್ನು ಮೊದಲೇ, ಹಿಂದೆಮುಂದೆ ನೋಡದೆ ಇಡಬೇಕಾಗುತ್ತದೆ. ನಡುವಿನ ಬಿಳಿ ಹೇಗಿರಬೇಕೆಂಬ ತೀರ್ಮಾನ ಕೊನೆಗೆ. ಚಿತ್ರವನ್ನು ಪೆನ್ಸಿಲಿನಲ್ಲಿ ಬರೆದುಕೊಂಡು ಹೊಲಿದರೆ ಈ ಬಿಗಿ, ಈ ತಡವರಿಕೆ ಸಿಗುವುದಿಲ್ಲ. ದಾರ ಎಳೆದದ್ದು ಹೆಚ್ಚಾದರೆ ಬಟ್ಟೆ ಸುಕ್ಕುಗಟ್ಟುತ್ತದೆ. ನಾಲ್ಕು ಬೆರಳು ಹೊಲಿದಾಗಲೊಮ್ಮೆ ಅಂಗೈಯಿಂದ ಸವರಿ ನೋಡಿ.

ಸಿದ್ದಿ ಕೌದಿಯ ಮೂಲೆಗಳಲ್ಲಿ ತ್ರಿಕೋನದ ಮಡಿಕೆಗಳಿರುತ್ತವೆ. ಅವಕ್ಕೆ ‘ಫೂಲಾ’ ಎನ್ನುತ್ತಾರೆ. ಅದನ್ನು ತರಬೇಡಿ ಎಂಬುದು ನನ್ನ ಅಭಿಪ್ರಾಯ. ಹೊಲಿಯುವ ಕ್ರಮವನ್ನು ಯಾರೂ ಕಲಿಯಬಹುದು, ಫೂಲಾ ಮಾತ್ರ ಅವರ ರುಜು.

ಕಸೂತಿಯವರಿಗೆ ಒಂದು ಮಾತು. ಎಳೆ ಎಣಿಸಿ ಹಾಕುವ ಗವಂತಿ ಎಂಬ ಕಸೂತಿ ಹೊಲಿಗೆಯಲ್ಲಿ ಬಾಗಿದ ಗೆರೆ ಬರುವುದಿಲ್ಲ, ಮೆಟ್ಟಿಲಾಗುತ್ತದೆ. ಆದ್ದರಿಂದ ಬಾಗು ಜಾಸ್ತಿಯಿರುವ ಚಿತ್ರಕ್ಕಿಂತ ಮೊಂಡ್ರಿಯಾನ್ ತರದ್ದೇ ವಾಸಿ.

ಹೆಜ್ಜೆ 5: ಕಾನೂನು, ಹೆಸರು

ಭಾರತದಲ್ಲಿ ಕಲಾಕೃತಿಯ ಹಕ್ಕುಸ್ವಾಮ್ಯ ಕಲಾವಿದರ ಜೀವಿತಾವಧಿ ಮತ್ತು ಅವರು ತೀರಿಕೊಂಡ ನಂತರದ 60 ವರ್ಷ. ಮೊಂಡ್ರಿಯಾನ್ ತೀರಿಕೊಂಡದ್ದು 1944ರಲ್ಲಿ. ಇಲ್ಲಿ ಆ ಅವಧಿ ಮುಗಿದಿದೆ. ನಮ್ಮ ಚಿತ್ರಕಾರ ಕೆ.ಕೆ. ಹೆಬ್ಬಾರರು ತೀರಿಕೊಂಡದ್ದು 1996ರಲ್ಲಿ. ಅವರ ಚಿತ್ರವನ್ನು ಹಾಗೆಹಾಗೇ ಬಟ್ಟೆಗಿಳಿಸಿ ಮಾರಬೇಕೆಂದರೆ ಹಕ್ಕುದಾರರ ಒಪ್ಪಿಗೆ ಬೇಕು. ಬಣ್ಣಗಳ ಹೊಂದಿಕೆ, ಹೊಲಿಯುವ ವಿಧಾನಗಳಿಗೆ ಹಕ್ಕುಸ್ವಾಮ್ಯವಿಲ್ಲ.

ಕೌದಿಯಂಥ ಸಮುದಾಯದ ಕಲೆಗೆ ಒಬ್ಬ ಒಡೆಯ ಇಲ್ಲ. ಇದನ್ನೇ ನೆಪ ಮಾಡಿಕೊಂಡು ಮೂಲದ ಹೆಸರನ್ನೇ ನುಂಗುವವರಿದ್ದಾರೆ. ಕಸೂತಿಗೆ ಭೌಗೋಳಿಕ ಸೂಚಕದ, ಅಂದರೆ ಇಂಥ ಪ್ರದೇಶದ್ದೇ ಎಂದು ಗುರುತಿಸುವ ಜಿಐ ಮಾನ್ಯತೆ ಇರುವುದರಿಂದ ಯಂತ್ರದ ಅಚ್ಚಿಗೆ ಆ ಹೆಸರು ಅಂಟಿಸುವುದು ತಪ್ಪು. ನಿಮ್ಮ ಕೆಲಸ ಮಾರಾಟಕ್ಕೆ ಹೋಗುವುದಾದರೆ, ಮೊದಲ ದುಡ್ಡಿನಲ್ಲಿ ಸಿದ್ದಿ ಮಹಿಳೆಯರಿಂದಲೇ ಒಂದು ಕೌದಿ ಕೊಂಡುಕೊಳ್ಳಿ. ನೋಡಿ ಕಲಿಯಲು ಫೋಟೊಗಿಂತ ಅದೇ ಮೇಲು.

ಹಿಂಬದಿಗೆ ಎರಡು ಬೆರಳಗಲದ ಕೋರಾ ಪಟ್ಟಿ ಹೊಲಿದು, ಒಗೆದರೂ ಹೋಗದ ಇಂಕಿನಲ್ಲಿ ಬರೆಯಿರಿ: ಬಣ್ಣದ ಲೆಕ್ಕ, ಮೊಂಡ್ರಿಯಾನ್. ಹೊಲಿದ ಕ್ರಮ, ಸಿದ್ದಿ ಕೌದಿ. ಕೆಳಗೆ ನಿಮ್ಮ ಹೆಸರು, ಇಸವಿ.